ಕೆಪ್ಯಾಸಿಟಿ ಎಂಬ ಬಿಲ್ಡಿಂಗು

ಬಿಲ್ಡಿಂಗ್ ಎಂದರೆ ಕಟ್ಟಡ. ಆರ್.ಟಿ. ನಗರದ ಹಿಂದಿನ ಗಲ್ಲಿಗಳಲ್ಲಿ ಆ ಮಾತಿಗೆ ಬೇರೆ ಅರ್ಥವೇ ಇಲ್ಲ. ಹಾಗಾಗಿ ದೊಡ್ಡ ಫೌಂಡೇಶನ್ನೊಂದು ನಮ್ಮ ಸಂಸ್ಥೆಗೆ ಕೆಪ್ಯಾಸಿಟಿ ಬಿಲ್ಡಿಂಗ್‌ಗೆ ದುಡ್ಡು ಕೊಡುತ್ತದೆ ಎಂಬ ಸುದ್ದಿ ಬಂದಾಗ ನಾವೆಲ್ಲ ಏನೆಂದುಕೊಂಡೆವು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಡುವವರ ಹೆಸರಿನಲ್ಲೇ ಫೌಂಡೇಶನ್ ಇತ್ತು, ಅಂದರೆ ಅಡಿಪಾಯ. ಅಡಿಪಾಯದ ಮೇಲೆ ಏಳುವುದು ಬಿಲ್ಡಿಂಗ್ ಅಲ್ಲದೆ ಇನ್ನೇನು? ನಗುವವರು ನಗಲಿ. ನಾನೂ ಹಾಗೆಯೇ ತಿಳಿದಿದ್ದೆ, ನಾನೇನು ಓದದವಳಲ್ಲ.

ನಮ್ಮದು ಮಕ್ಕಳ ಕೇಂದ್ರ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಸಿಗದ ಮಕ್ಕಳು. ಬೆಳಗ್ಗೆ ತಾಯಂದಿರು ತಂದು ಬಿಟ್ಟು, ಮನೆಗೆಲಸಕ್ಕೋ ಗಾರ್ಮೆಂಟ್ಸ್‌ಗೋ ಹೋಗಿ, ಸಂಜೆ ಬಂದು ಎತ್ತಿಕೊಂಡು ಹೋಗುತ್ತಿದ್ದರು. ನಾನು ಅಲ್ಲಿ ವ್ಯಾಯಾಮ ಮಾಡಿಸುವ ಟೀಚರು. ದಿನಾ ಯಲಹಂಕದಿಂದ ಬಸ್ಸು ಹಿಡಿದು, ಹೆಬ್ಬಾಳದ ಫ್ಲೈಓವರ್ ಮೇಲೆ ಆಯುಷ್ಯ ಸವೆಸಿ ಬರುತ್ತಿದ್ದೆ. ಕೇಂದ್ರ ನಡೆಸುತ್ತಿದ್ದವರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಒಬ್ಬ ಹೆಂಗಸು. ನಮಗೆಲ್ಲ ಅವರು ಮೇಡಂ. ನಿವೃತ್ತಿಯಲ್ಲಿ ಕೈಗೆ ಬಂದದ್ದನ್ನೆಲ್ಲ ಈ ಕೇಂದ್ರಕ್ಕೆ ಸುರಿದು, ಸೊಸೆಯ ಬಾಯಿಗೆ ತುತ್ತಾಗಿದ್ದರು.

ಬಾಡಿಗೆ ಮನೆ. ಹಳೆಯದು, ಮುಂದೆ ಜಗಲಿ, ಹಿಂದೆ ಶೀಟು ಹೊದಿಸಿದ ಉದ್ದನೆಯ ಹಾಲು. ಆ ಹಾಲಿನ ನೆಲಕ್ಕೆ ಸಿಮೆಂಟು ಹಾಕಿ ಎರಡು ಕಬ್ಬಿಣದ ಪೈಪುಗಳನ್ನು ಕೈಗೆ ಸಿಗುವ ಎತ್ತರಕ್ಕೆ ಅಕ್ಕಪಕ್ಕ ಅಡ್ಡಲಾಗಿ ಕೂರಿಸಿದ್ದೆವು. ಎರಡೂ ಕಡೆ ಹಿಡಿದುಕೊಂಡು ಮಕ್ಕಳು ನಿಲ್ಲುವುದನ್ನು, ಸಾಧ್ಯವಾದರೆ ಒಂದು ಹೆಜ್ಜೆ ಹಾಕುವುದನ್ನು ಕಲಿಯುತ್ತಿದ್ದದ್ದು ಅಲ್ಲೇ. ಮನೆಗೆ ಮೆಟ್ಟಿಲಿರಲಿಲ್ಲ. ಬೇರೆಯವರಿಗೆ ಇದು ಮಾತಲ್ಲ. ಬೆಳೆದ ಮಗುವನ್ನು ಸೊಂಟದ ಮೇಲೆ ಹೊತ್ತು ಬರುವ ತಾಯಿಗೆ ಅದೇ ಎಲ್ಲಾ.

ಅಂಥ ತಾಯಂದಿರಲ್ಲಿ ಒಬ್ಬಳು ಕೇಂದ್ರದ ಪಕ್ಕದ ಗಲ್ಲಿಯವಳು. ಮನೆಯಲ್ಲಿ ಉರ್ದು, ನಮ್ಮ ಜೊತೆ ಕನ್ನಡ, ಕೆಲಸದ ಮನೆಯಲ್ಲಿ ತಮಿಳು. ಗಂಡ ಹೆಣ್ಣು ಮಗುವಿನ ಕಾಲು ನೋಡಿ ಮೊದಲ ವರ್ಷವೇ ಕೈಬಿಟ್ಟು ಹೋಗಿದ್ದ. ಮಗಳು ಆಗ ಅಮ್ಮನ ಭುಜಕ್ಕೆ ಬರುವಷ್ಟು ಉದ್ದ ಬೆಳೆದಿದ್ದಳು. ಮಾತು ತೊದಲು, ನಗು ಮಾತ್ರ ಸ್ಪಷ್ಟ. ಕೇಂದ್ರಕ್ಕೆ ಬಂದಾಗ ಅವಳ ಮೊಣಕಾಲುಗಳು ಮಡಚಿದ ಕತ್ತರಿಯ ಹಾಗೆ ಇದ್ದವು. ದಿನಾ ಎಣ್ಣೆ ಹಚ್ಚಿ, ನಿಧಾನವಾಗಿ ಎಳೆದು, ಅಳಿಸಿ, ನಗಿಸಿ, ಪೈಪು ಹಿಡಿಸಿ ನಿಲ್ಲಿಸುವಷ್ಟರಲ್ಲಿ ನನ್ನ ಬೆನ್ನು ಬಿದ್ದುಹೋಗಿತ್ತು. ಒಂದು ಸಂಜೆ ಅಮ್ಮ ಕರೆದೊಯ್ಯಲು ಬಂದಾಗ ಅವಳು ಪೈಪಿನಿಂದ ಒಂದು ಕೈ ಬಿಟ್ಟು ಅಮ್ಮನಿಗೆ ಟಾಟಾ ಮಾಡಿದಳು, ಆಯಾ ಮೊಬೈಲಿನಲ್ಲಿ ಫೋಟೊ ಹಿಡಿದಳು. ಅಮ್ಮ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ನಿಂತುಬಿಟ್ಟಳು.

ಮನೆಯ ಓನರು ಕೆಟ್ಟವನಲ್ಲ, ಓನರು ಅಷ್ಟೇ. ಆಷಾಢ ಕಳೆದ ಮೇಲೆ ಮನೆ ಕೆಡವಿ ಪಿ.ಜಿ. ಕಟ್ಟಿಸುತ್ತೇನೆ, ಬೇರೆ ಜಾಗ ನೋಡಿಕೊಳ್ಳಿ ಎಂದು ಯುಗಾದಿಯ ಹೊತ್ತಿಗೇ ಹೇಳಿದ್ದ. ನಾವು ಕಂಗಾಲಾಗಿದ್ದಾಗಲೇ ಫೌಂಡೇಶನ್ನಿನ ಫೋನು ಬಂತು. ಮೇಡಂ ತಾಯಂದಿರನ್ನೆಲ್ಲ ಜಗಲಿಯಲ್ಲಿ ಕೂರಿಸಿ ಸುದ್ದಿ ಹೇಳಿದರು. ಯಾರೋ ಜಿಲೇಬಿ ತಂದರು. ಪಕ್ಕದ ಗಲ್ಲಿಯ ತಾಯಿ ಮಾತ್ರ ಜಿಲೇಬಿ ಕೈಯಲ್ಲೇ ಹಿಡಿದುಕೊಂಡು, "ಗ್ರೌಂಡ್ ಫ್ಲೋರೇ ಕೊಡ್ತಾರಲ್ವಾ ಮೇಡಂ? ಮೇಲೆ ಆದ್ರೆ ನಂಗೆ ಎತ್ಕೊಂಡು ಹತ್ತಕ್ಕಾಗಲ್ಲ" ಎಂದಳು.

"ಕೇಳ್ತೀನಿ ಕಣಮ್ಮ. ಮೊದಲನೇ ಮಾತೇ ಅದು" ಎಂದರು ಮೇಡಂ.

ಕೇಳಲು ನಾವಿಬ್ಬರೂ ಹೋದದ್ದು ಹೆಬ್ಬಾಳದ ಹೋಟೆಲಿಗೆ. ಆಯ್ಕೆಯಾದ ಸಂಸ್ಥೆಗಳಿಗೆಲ್ಲ ಅಲ್ಲಿ ಕಾರ್ಯಾಗಾರ. ಏಸಿ ಹಾಕಿದ ದೊಡ್ಡ ಹಾಲು, ಬಿಳಿ ಬಟ್ಟೆ ಹೊದ್ದ ಮೇಜು, ಪ್ರತಿಯೊಬ್ಬರ ಮುಂದೆ ನೀರಿನ ಬಾಟಲಿ, ಪೆಪ್ಪರ್‌ಮಿಂಟು. ಆ ಹಾಲಿನ ಒಂದು ದಿನದ ಬಾಡಿಗೆಗೆ ನಾವು ಎಷ್ಟು ದಿನ ಕೇಂದ್ರ ನಡೆಸಬಹುದಿತ್ತೋ ಎಂಬ ಯೋಚನೆ ಬಂತು, ಕರೆದವರ ಮನೆಯ ಊಟದಲ್ಲಿ ಕಲ್ಲು ಹುಡುಕಬಾರದೆಂದು ಸುಮ್ಮನಾದೆ. ಫೌಂಡೇಶನ್ ಕಳಿಸಿದ್ದ ಕನ್ಸಲ್ಟೆಂಟ್ ಒಬ್ಬ ಲವಲವಿಕೆಯ ಮನುಷ್ಯ. ಮೂರು ವರ್ಷ ನಮ್ಮ ಜೊತೆಗಿರುವುದು ತಾನೇ ಎಂದು ಪರಿಚಯ ಮಾಡಿಕೊಂಡ. ಪರದೆಯ ಮೇಲೆ ಒಂದು ಮರದ ಚಿತ್ರ ಹಾಕಿ, ಬೇರು ಎಂದರೆ ಆಡಳಿತ, ಕಾಂಡ ಎಂದರೆ ವ್ಯವಸ್ಥೆ ಎಂದು ವಿವರಿಸಿದ. ಹಣ್ಣು ಏನು ಎಂದು ಹೇಳುವಷ್ಟರಲ್ಲಿ ಟೀ ಬ್ರೇಕ್ ಆಯಿತು.

ಕೊನೆಗೆ ಪ್ರಶ್ನೆ ಕೇಳಿ ಎಂದರು. ಮೇಡಂ ನನ್ನ ಮೊಣಕೈ ತಿವಿದರು. ನಾನು ಎದ್ದು, ಬಿಲ್ಡಿಂಗು ಎಲ್ಲಿ ಬರುತ್ತದೆ, ನಮಗೆ ಗ್ರೌಂಡ್ ಫ್ಲೋರ್ ಕೊಟ್ಟರೆ ಸಾಕು, ಹಾಲು ಉದ್ದಕ್ಕಿರಬೇಕು ಎಂದೆ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಹಿಂದಿನ ಮೇಜಿನಲ್ಲಿ ನಕ್ಕರು. ಕನ್ಸಲ್ಟೆಂಟ್ ನಗಲಿಲ್ಲ, ಅದು ಅವನ ದೊಡ್ಡತನ. ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳಿದ: "ಮ್ಯಾಮ್, ಇದು ಆ ಬಿಲ್ಡಿಂಗ್ ಅಲ್ಲ. ಸಂಸ್ಥೆಯ ಒಳಗಿನ ಕೆಪ್ಯಾಸಿಟಿನ ಬಿಲ್ಡ್ ಮಾಡೋದು. ಪ್ಲಾನಿಂಗು, ಪಾಲಿಸಿ, ಸಿಸ್ಟಮ್ಸು, ಲೀಡರ್‌ಶಿಪ್ಪು."

"ಬಾಡಿಗೆಗೆ, ಅಡ್ವಾನ್ಸಿಗೆ ಆಗಲ್ವಾ?" ಎಂದರು ಮೇಡಂ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಅದು ಪ್ರೋಗ್ರಾಂ ಖರ್ಚು ಮೇಡಂ. ಅದಕ್ಕೆ ಈ ಗ್ರ್ಯಾಂಟ್ ಬರಲ್ಲ. ನಾವು ಮೀನು ಕೊಡಲ್ಲ, ಮೀನು ಹಿಡಿಯೋದು ಕಲಿಸ್ತೀವಿ."

ಕಿಟಕಿಯಾಚೆ ಹೆಬ್ಬಾಳದ ಕೆರೆ ಕಾಣುತ್ತಿತ್ತು. ನಮ್ಮ ಮಕ್ಕಳಿಗೆ ಬೇಕಾದದ್ದು ಮೀನೂ ಅಲ್ಲ, ಗಾಳವೂ ಅಲ್ಲ, ದಡದಲ್ಲಿ ನಿಲ್ಲಲು ಒಂದಿಷ್ಟು ಜಾಗ. ಅದನ್ನು ಅವನಿಗೆ ಹೇಳಬೇಕೆನಿಸಿತು. ಆದರೆ ದುಡ್ಡು ಬೇಡ ಎನ್ನುವಂತಿರಲಿಲ್ಲ. ಈ ಗ್ರ್ಯಾಂಟು ಸಿಕ್ಕ ಸಂಸ್ಥೆಗೆ ನಾಳೆ ಬೇರೆ ದಾನಿಗಳೂ ಸಿಗುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದರು. ಮೇಡಂ ಸಹಿ ಹಾಕಿದರು.

ಮಾರನೇ ದಿನವೇ ತಾಯಂದಿರಿಗೆ ನಿಜ ಹೇಳಿದೆವು. ಯಾರೂ ನಂಬಲಿಲ್ಲ. ಬಿಲ್ಡಿಂಗ್‌ಗೆ ಅಂತ ಕೊಟ್ಟ ದುಡ್ಡಿನಲ್ಲಿ ಬಿಲ್ಡಿಂಗ್ ಕಟ್ಟಬಾರದು ಎಂದರೆ ಯಾರು ತಾನೇ ನಂಬುತ್ತಾರೆ? ಮೇಡಂ ಏನೋ ಮುಚ್ಚಿಡುತ್ತಿದ್ದಾರೆ ಎಂದು ಒಬ್ಬಿಬ್ಬರು ಗುಸುಗುಸು ಎಂದರು. ಪಕ್ಕದ ಗಲ್ಲಿಯವಳು ಮಾತ್ರ ನನ್ನ ಮುಖ ನೋಡಿ, "ಹಂಗಾದ್ರೆ ಆಷಾಢ ಆದ್ಮೇಲೆ ಇವಳನ್ನ ಎಲ್ಲಿ ನಿಲ್ಲಿಸ್ತೀರಾ ಟೀಚರ್?" ಎಂದಳು.

ಆಮೇಲೆ ಶುರುವಾಯಿತು ನಮ್ಮ ಸಾಮರ್ಥ್ಯ ವರ್ಧನೆ. ಮೊದಲು ನಮ್ಮ ಕನಸೇನು ಎಂದು ಬರೆಸಿದರು. 'ನೆಲಮಟ್ಟದ ಮನೆ' ಎಂದು ಬರೆದೆ. ಅದು ಕನಸಲ್ಲ, ಅವಶ್ಯಕತೆ ಎಂದು ಹೊಡೆದು ಹಾಕಿದರು. ಸಂಸ್ಥೆಗೆ ಹೊಸ ಲೋಗೋ ಬಂತು, ಎರಡು ಕೈಗಳ ನಡುವೆ ಒಂದು ಹಕ್ಕಿ. ಸಿಬ್ಬಂದಿ ನೀತಿ ಬಂತು, ರಜೆಯ ನೀತಿ ಬಂತು, ಸಿಬ್ಬಂದಿ ಎಂದರೆ ನಾನು, ಅಡುಗೆಯಮ್ಮ, ಇನ್ನಿಬ್ಬರು ಆಯಾಗಳು. ಮೇಡಂ ನಂತರ ಯಾರು ಎಂಬ ಯೋಜನೆ ಮಾಡಿಸಿದರು. ಆ ದಿನ ಮೇಡಂ ಮನೆಗೆ ಹೋಗುವಾಗ, "ನಾನ್ ಸತ್ರೆ ಏನ್ ಮಾಡ್ತೀರಾ ಅಂತ ನನ್ನ ಕೈಲೇ ಬರೆಸಿದ್ರು ಕಣಮ್ಮ" ಎಂದು ನಕ್ಕರು. ಆ ನಗು ನನಗೆ ಇಷ್ಟವಾಗಲಿಲ್ಲ.

ತರಬೇತಿಯ ದಿನಗಳಲ್ಲಿ ಕೇಂದ್ರಕ್ಕೆ ರಜೆ. ಟೀಚರು, ಆಯಾ ಎಲ್ಲರೂ ತರಬೇತಿಗೆ ಕೂತರೆ ಮಕ್ಕಳನ್ನು ನೋಡುವವರು ಯಾರು? ತಾಯಂದಿರಿಗೆ ಅಂದಿನ ಕೂಲಿ ಹೋಯಿತು. ಉಳಿದ ದಿನಗಳಲ್ಲಿ ಒಂದು ಮಗುವಿಗೆ ವ್ಯಾಯಾಮ ಮಾಡಿಸಿದ ಮೇಲೆ ಎಣ್ಣೆ ಕೈ ಒರೆಸಿಕೊಂಡು ಮೊಬೈಲಿನಲ್ಲಿ ಅದರ ವಿವರ ತುಂಬಬೇಕು, ಆಮೇಲೆ ಇನ್ನೊಂದು ಮಗು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಮ್ಮಮ್ಮ ಯಾವಾಗಲೂ ಬೇರೆಯವರಿಗೆ ಹೇಳುತ್ತಿದ್ದಳು. ಈಗ ಆ ಜುಟ್ಟು ನಮ್ಮದಾಗಿತ್ತು.

ಇದರ ನಡುವೆ ಮನೆ ಹುಡುಕಿದೆವು. ಟು-ಲೆಟ್ ಬೋರ್ಡು ಕಂಡಲ್ಲೆಲ್ಲ ಗೇಟು ತಟ್ಟಿದೆವು. ಮಕ್ಕಳು ಎಂದಾಗ ಬನ್ನಿ ಎನ್ನುವರು, ಎಂಥ ಮಕ್ಕಳು ಎಂದು ತಿಳಿದ ಮೇಲೆ ಮನೆ ಕೊಟ್ಟಾಗಿದೆ ಎನ್ನುವರು. ಒಬ್ಬ ಹೆಂಗಸು ನೇರವಾಗಿಯೇ, "ಬೆಳಗ್ಗೆ ಎದ್ದು ಅವುಗಳ ಮುಖ ನೋಡಕ್ಕಾಗಲ್ಲ ಕಣ್ರೀ, ಮನೇಲಿ ಬಸುರಿ ಇದ್ದಾಳೆ" ಎಂದಳು. ಒಪ್ಪಿದ ಒಂದಿಬ್ಬರು ಕೇಳಿದ ಅಡ್ವಾನ್ಸು ನಮ್ಮ ಕೈಗೆ ಎಟುಕುವಂಥದ್ದಲ್ಲ. ಬ್ಯಾಂಕಿನಲ್ಲಿ ಫೌಂಡೇಶನ್ನಿನ ದುಡ್ಡಿತ್ತು, ಮುಟ್ಟುವಂತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ. ಇಲ್ಲಿ ದೇವರು ಯಾರು, ಪೂಜಾರಿ ಯಾರು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ಶ್ರಾವಣದಲ್ಲಿ ಓನರು ಪೂಜೆ ಮಾಡಿಸಿ ಮನೆ ಕೆಡವಿದ. ಪೈಪುಗಳನ್ನು ಕಿತ್ತುಕೊಡಿ ಎಂದು ಮೇಸ್ತ್ರಿಗೆ ಹೇಳಿದ್ದೆವು. ಸಿಮೆಂಟು ಬಿಡಲಿಲ್ಲವೆಂದು ಅವನು ಗ್ಯಾಸಿನಲ್ಲಿ ಕತ್ತರಿಸಿ ಗುಜರಿಗೆ ಹಾಕಿದ.

ಸಂಸ್ಥೆಗೆ ಮಾತ್ರ ಏನೂ ಆಗಲಿಲ್ಲ. ಗ್ರ್ಯಾಂಟಿನಲ್ಲಿ ಆಫೀಸಿನ ವ್ಯವಸ್ಥೆಗೆಂದು ದುಡ್ಡಿತ್ತು, ಆಫೀಸಿಗೆ ಆಗುತ್ತದೆ, ಕೇಂದ್ರಕ್ಕೆ ಆಗುವುದಿಲ್ಲ. ಕೆಂಪಾಪುರದಲ್ಲಿ ಎರಡನೇ ಮಹಡಿಯ ಒಂದು ಆಫೀಸು ಹಿಡಿದೆವು. ಲಿಫ್ಟಿಲ್ಲ. ಗಾಜಿನ ಬಾಗಿಲ ಮೇಲೆ ಹಕ್ಕಿಯ ಲೋಗೋ. ಮಕ್ಕಳ ಕೆಲಸ 'ತಾತ್ಕಾಲಿಕವಾಗಿ ನಿಂತಿದೆ' ಎಂದು ವರದಿಯಲ್ಲಿ ಬರೆಯಲು ಹೇಳಿದರು, ಬರೆದೆವು. ನನಗೆ ಪ್ರೋಗ್ರಾಂ ಆಫೀಸರ್ ಎಂಬ ಹುದ್ದೆ, ಹೊಸ ಕುರ್ಚಿ, ಕುರ್ಚಿಗೆ ಚಕ್ರ. ಮೇಡಂ ಆ ಮೆಟ್ಟಿಲು ಹತ್ತಿ ಬರುವುದನ್ನು ನಿಧಾನವಾಗಿ ನಿಲ್ಲಿಸಿದರು. ಅಷ್ಟು ಗಟ್ಟಿಯಾದ ಸಂಸ್ಥೆಯಲ್ಲಿ ನಾನು ಅದಕ್ಕೆ ಹಿಂದೆಂದೂ ಕೆಲಸ ಮಾಡಿರಲಿಲ್ಲ. ಮಕ್ಕಳೊಂದಿರಲಿಲ್ಲ, ಅಷ್ಟೇ.

ಭಾನುವಾರಗಳಲ್ಲಿ ನಾನು ಪಕ್ಕದ ಗಲ್ಲಿಯ ಆ ಹುಡುಗಿಯ ಮನೆಗೆ ಹೋಗುತ್ತಿದ್ದೆ. ಒಂದೇ ಕೋಣೆ. ಅಮ್ಮ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಚಿಲಕ ಹಾಕಿ, ಎದುರು ಮನೆಯ ಅಜ್ಜಿಗೆ ಹೇಳಿ ಹೋಗುತ್ತಿದ್ದಳು. ಹುಡುಗಿ ಇಡೀ ದಿನ ಒಂದೇ ಮಗ್ಗುಲಲ್ಲಿ, ಮೊಣಕಾಲು ಮಡಚಿಕೊಂಡು. ವಾರಕ್ಕೊಮ್ಮೆ ವ್ಯಾಯಾಮವೆಂದರೆ ವಾರಕ್ಕೊಮ್ಮೆ ಹಲ್ಲುಜ್ಜಿದ ಹಾಗೆ. ಪ್ರತಿ ಸಲ ಆ ಕಾಲು ಇನ್ನಷ್ಟು ಬಿಗಿಯಾಗಿರುತ್ತಿತ್ತು. ಅವಳ ಅಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು.

ಮೂರನೆಯ ವರ್ಷ ಗ್ರ್ಯಾಂಟು ಮುಗಿಯಿತು. ಮುಕ್ತಾಯ ಸಮಾರಂಭಕ್ಕೆ ಪ್ರತಿ ಸಂಸ್ಥೆಯಿಂದ ಒಬ್ಬ ಫಲಾನುಭವಿ ಬಂದು ಮಾತಾಡಬೇಕಂತೆ. ಕನ್ಸಲ್ಟೆಂಟ್ ಹಳೆಯ ಫೋಟೊಗಳನ್ನು ನೋಡಿ, ಪೈಪಿನಿಂದ ಕೈಬಿಟ್ಟು ಟಾಟಾ ಮಾಡುತ್ತಿದ್ದ ಹುಡುಗಿಯ ಮೇಲೆ ಬೆರಳಿಟ್ಟ. "ಈ ತಾಯೀನ ಕರ್ಕೊಂಡು ಬನ್ನಿ ಮ್ಯಾಮ್. ತುಂಬಾ ಪವರ್‌ಫುಲ್." ಆ ಫೋಟೊ ಗ್ರ್ಯಾಂಟು ಬರುವುದಕ್ಕೆ ಮುಂಚಿನದು, ಆ ಹುಡುಗಿ ಈಗ ಮಲಗಿದಲ್ಲೇ ಇದ್ದಾಳೆ ಎಂದೆ. ಅವನು ಪಾಪ ಮುಖ ಸಣ್ಣ ಮಾಡಿಕೊಂಡು, "ಈ ಫೋಟೊ ಹಾಕಿ ಇನ್ವಿಟೇಶನ್ ಕಾರ್ಡ್ ಪ್ರಿಂಟ್ ಆಗೋಗಿದೆ" ಎಂದ. ನಾನು ಕರೆಯುವುದಿಲ್ಲ ಎಂದೆ. ಅವನೇ ಫೋನು ಮಾಡಿ ಕರೆದ.

ಆ ತಾಯಿ ನನಗೆ ಫೋನು ಮಾಡಿದಳು. "ದೊಡ್ಡ ದೊಡ್ಡೋರು ಬರ್ತಾರಂತೆ ಟೀಚರ್. ಅವ್ರ ಮುಂದೆ ಹೇಳಿದ್ರೆ ಏನಾದ್ರೂ ಆಗ್ಬೋದು. ಹೋಗ್ತೀನಿ. ಅಷ್ಟೊತ್ತು ಇವಳನ್ನ ಯಾರ ಹತ್ರ ಬಿಡ್ಲಿ?"

ಆ ದಿನ ನಾನು ಸಮಾರಂಭಕ್ಕೆ ಹೋಗದೆ ಹುಡುಗಿಯ ಜೊತೆ ಕೂತೆ. ಎಣ್ಣೆ ಬಿಸಿ ಮಾಡಿ ಹಚ್ಚಿದೆ. ಆಮೇಲೆ ಕಂಕುಳಿಗೆ ಕೈಕೊಟ್ಟು ಎತ್ತಿ, ಕಿಟಕಿಯ ಸರಳು ಹಿಡಿಸಿ ನಿಲ್ಲಿಸಲು ನೋಡಿದೆ. ಅವಳಿಗೂ ಆಸೆ, ಸರಳನ್ನು ಗಟ್ಟಿಯಾಗಿಯೇ ಹಿಡಿದಳು. ಮೊಣಕಾಲು ಬಿಚ್ಚಲಿಲ್ಲ. ಬಲವಂತ ಮಾಡಿದ್ದಕ್ಕೆ ನೋವಿಗೆ ಕೂಗಿದಳು. ಎದುರು ಮನೆಯ ಅಜ್ಜಿ ಬಂದು ಬಾಗಿಲಲ್ಲಿ ನಿಂತಳು. ಹುಡುಗಿಯನ್ನು ಮತ್ತೆ ಮಲಗಿಸಿದೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಸಂಜೆ ಅವಳ ಅಮ್ಮ ಬಂದಳು. ಹೆಗಲ ಮೇಲೆ ಶಾಲು, ಕೈಯಲ್ಲಿ ಹೋಟೆಲಿನವರು ಕಟ್ಟಿಕೊಟ್ಟ ಸಿಹಿಯ ಡಬ್ಬಿ. ಮೊದಲು ಮಗಳ ಬಾಯಿಗೆ ಒಂದು ಚೂರು ಇಟ್ಟಳು.

"ಏನ್ ಹೇಳಿದ್ರಿ?" ಎಂದೆ.

"ಜಾಗ ಬೇಕು ಅಂತ ಹೇಳಕ್ಕೆ ಹೋದೆ ಟೀಚರ್. ಅಷ್ಟರಲ್ಲಿ ಹಿಂದುಗಡೆ ಇವಳ ಫೋಟೊ ಹಾಕಿದ್ರು, ಗೋಡೆ ತುಂಬಾ. ನಿಂತಿದ್ದಾಳೆ, ನಗ್ತಾ ಇದ್ದಾಳೆ. ಅದನ್ನ ನೋಡಿ ನಂಗೆ ಏನ್ ಹೇಳ್ಬೇಕು ಅಂತಾನೇ ಮರ್ತೋಯ್ತು. ನನ್ ಮಗಳು ನಿಲ್ತಾಳೆ ಅಂದ್ಬಿಟ್ಟೆ. ಎಲ್ರೂ ಎದ್ದು ಚಪ್ಪಾಳೆ ತಟ್ಟಿದ್ರು."

ಶಾಲನ್ನು ತೆಗೆದು ಮಗಳ ಮಡಚಿದ ಕಾಲಿನ ಮೇಲೆ ಹೊದಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಸುಳ್ಳಲ್ಲ ಅಲ್ವಾ ಟೀಚರ್? ನಿಲ್ತಿದ್ಲಲ್ವಾ?"