ಸಾವಿತ್ರವ್ವ ಒಡಪು ಕಲಿಸಿದ್ದು

ನಮ್ಮ ಓಣಿಯಲ್ಲಿ ಒಡಪು ಕಟ್ಟುವವಳು ಅಂದರೆ ಸಾವಿತ್ರವ್ವ ಒಬ್ಬಳೇ. ಉಳಿದವರೆಲ್ಲ ತವರಿನಿಂದ ಕಲಿತು ಬಂದ ಒಂದೆರಡು ಒಡಪಿನಲ್ಲೇ ಕಾಲ ಕಳೆದವರು. ನಾನೂ ಅವರಲ್ಲೊಬ್ಬಳು. ನಮ್ಮ ಬನವಾಸಿ ಸೀಮೆಯಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆಯಲ್ಲೋ ತೊಟ್ಟಿಲ ಕಾರ್ಯದಲ್ಲೋ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೆಸರು ಕೇಳುತ್ತಾರೆ. ಆಗ ಪ್ರಾಸ ಕೂಡಿಸಿ ನಾಲ್ಕು ಮಾತು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅದೇ ಒಡಪು. ಹೇಳದವಳನ್ನು ಹೊಸಿಲು ದಾಟಲು ಬಿಡುವುದಿಲ್ಲ.

ಸಾವಿತ್ರವ್ವ ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಿದವಳಲ್ಲ. ಕಣ್ಣೆದುರು ಏನಿದೆಯೋ ಅದರಿಂದಲೇ ಕಟ್ಟುವಳು. ಒಂದು ವರ್ಷ ನಾಟಿ ಗದ್ದೆಯಲ್ಲಿ ನಾವೆಲ್ಲ ಸೇರಿ ಅವಳನ್ನು ಕೆಣಕಿದೆವು. ಗಂಡ ಬುತ್ತಿ ತಂದು ಬದುವಿನ ಮೇಲೆ ನಿಂತಿದ್ದ. ಇವಳು ಬಗ್ಗಿದ ಬೆನ್ನು ಎತ್ತದೆ ಅಂದಳು:

"ಮೊಣಕಾಲುಮಟ ಕೆಸರು, ಕೈತುಂಬ ಸಸಿಯ ಹಸಿರು,
ಬದುವಿನ ಮ್ಯಾಲ ಬುತ್ತಿ ತಂದಾರ, ದ್ಯಾಮಪ್ಪ ಅವರ ಹೆಸರು."

ಪಾಪ, ಆ ಮನುಷ್ಯ ಬುತ್ತಿ ಅಲ್ಲೇ ಇಟ್ಟು ನಾಚಿಕೊಂಡು ತಿರುಗಿ ನಡೆದ. ನಾವು ನಕ್ಕು ನಕ್ಕು ಕೆಸರಲ್ಲಿ ಕೂತುಬಿಟ್ಟೆವು.

ದ್ಯಾಮಪ್ಪ ತೀರಿಕೊಂಡ ಮೇಲೆ ಅವಳನ್ನು ಯಾರೂ ಒಡಪು ಕೇಳಲಿಲ್ಲ. ಗಂಡ ಇಲ್ಲದವಳನ್ನು ಕೇಳುವ ರೂಢಿ ಇಲ್ಲ. ನಾನೂ ಗಂಡನನ್ನು ಕಳೆದುಕೊಂಡವಳೇ, ಆದರೆ ನನ್ನದು ಹೋದದ್ದು ಎರಡು ಒಡಪು. ಅವಳಿಗೆ ಬಾಯಿಯೇ ಹೋದಂತಾಯಿತು. ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ, ಕಟ್ಟಿಯೂ ಹೇಳುವಂತಿಲ್ಲ. ಶಿರಸಿಯ ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದಾಗ ಅವಳು ನನ್ನ ಮುಖ ನೋಡಿದಳು. ನಾನೇ ಹೇಳಿದೆ. "ಅವರ ಗಂಡನ ಹೆಸರು ನೀವ್ಯಾಕೆ ಹೇಳ್ತೀರಿ?" ಎಂದು ಅಲ್ಲಿದ್ದ ಹುಡುಗ ನಕ್ಕ. ಇವಳು ನಗಲಿಲ್ಲ. ದಾರಿಯಲ್ಲಿ ಮೆಲ್ಲಗೆ ಅಂದಳು, "ಆ ಹೆಸರು ಇನ್ನ ನನ್ನ ಬಾಯಾಗ ಬರೂದಿಲ್ಲೇನೋ."

ಈ ವರ್ಷ ಅವಳ ಮೊಮ್ಮಗಳು ಶಿವರಂಜನಿ ಏಳನೇ ಇಯತ್ತೆಗೆ ಬಂದಳು. ಕನ್ನಡ ಪಾಠದಲ್ಲಿ ಜನಪದ ಸಾಹಿತ್ಯ ಬಂತು. ಪಾಠ ಹೇಳುವ ಮಹೇಶ್ವರಿ ಅಕ್ಕೋರು ಮಕ್ಕಳಿಗೆ, ಮನೆಯಲ್ಲಿ ಕೇಳಿ ಒಂದೊಂದು ಒಡಪು ತನ್ನಿ ಎಂದರಂತೆ. ತಂದವು. ಅರ್ಧಕ್ಕರ್ಧ ಮಕ್ಕಳದು ಒಂದೇ ಒಡಪು! ತಾಯಂದಿರೆಲ್ಲ ಮೊಬೈಲ್ ನೋಡಿ ಹೇಳಿಕೊಟ್ಟಿದ್ದರು. "ಹೊಸಾದು ಕಟ್ಟೋರು ಊರಾಗ ಯಾರೂ ಇಲ್ಲೇನು?" ಎಂದು ಅಕ್ಕೋರು ಕೇಳಿದ್ದಕ್ಕೆ ಶಿವರಂಜನಿ ಎದ್ದು ನಿಂತು "ನಮ್ಮ ಅಜ್ಜಿ ಕಟ್ಟತಾಳ್ರಿ" ಅಂದುಬಿಟ್ಟಳು. ನಾನು ಹೇಳಿದ ಗದ್ದೆಯ ಕತೆ ಅವಳ ತಲೆಯಲ್ಲಿತ್ತು.

ಸಂಜೆ ಅಕ್ಕೋರೇ ಮನೆಗೆ ಬಂದರು. ಸಾವಿತ್ರವ್ವ ಅಕ್ಕಿ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಬಿಡ್ರಿ ಅಕ್ಕೋರ, ಗಂಡ ಇಲ್ಲದಾಕಿ ಒಡಪು ಹೇಳಿದ್ರ ಮಂದಿ ಏನಂದಾರು?"

"ನೀವು ಹೇಳಬ್ಯಾಡ್ರಿ ಅವ್ವಾ. ಕಟ್ಟೋದು ಹೆಂಗಂತ ಕಲಿಸ್ರಿ ಸಾಕು. ಹುಡುಗ್ರು ತಮ್ಮ ಗೆಳೆಯರ ಹೆಸರು ಹಾಕಿ ಕಟ್ಟತಾರ."

"ನಾ ಸಾಲಿ ಮೆಟ್ಟಿಲ ಹತ್ತಿದಾಕಿ ಅಲ್ಲ. ಈಕಿನ್ನ ಕರಕೊಂಡು ಹೋಗ್ರಿ, ಮೂರನೇ ಇಯತ್ತೆ ಕಲತಾಳ" ಎಂದು ನನ್ನನ್ನು ತೋರಿಸಿದಳು.

"ನನ್ನ ಒಡಪು ಕೇಳಿದ್ರ ಹುಡುಗ್ರು ಸಾಲಿ ಬಿಟ್ಟು ಓಡತಾವ. ಸುಮ್ನ ನಡಿ, ನಾನೂ ಬರ್ತೀನಿ" ಎಂದೆ.

ಶನಿವಾರ ಇಬ್ಬರೂ ಶಾಲೆಗೆ ಹೋದೆವು. ಅವಳು ಸೆರಗು ಹೊದ್ದು ಮಕ್ಕಳೆದುರು ಕೂತಳು. ಆಮೇಲೆ ಅಂದಳು, "ಮೊದಲ ಹೆಸರು ಹುಡುಕಬ್ಯಾಡ್ರಿ. ಕಣ್ಣಿಗೆ ಏನು ಬಿದ್ದೈತಿ ನೋಡ್ರಿ. ಅದರ ಕೂಡ ಯಾವ ಮಾತು ಹೊಂದತೈತಿ, ಕಿವಿಗೊಟ್ಟು ಕೇಳ್ರಿ. ಹೆಸರು ತಾನ ಬಂದು ಕುಂದರತೈತಿ."

ಮಕ್ಕಳು ತಲೆ ಕೆರೆದುಕೊಂಡು ಕೂತವು. ಸದಾಶಿವ ಎಂಬ ಹುಡುಗ ಮೊದಲು ಎದ್ದ. ಪಕ್ಕದಲ್ಲಿ ಕೂತಿದ್ದ ಗೆಳೆಯ ಸುಭಾಷನನ್ನು ನೋಡಿ ಹೇಳಿದ:

"ನಮ್ಮನಿ ಎಮ್ಮಿಗೆ ಕೋಡು ಡೊಂಕ, ಬಾಲ ಮೋಟ,
ಹಾಲು ಕರೆಯೋ ಹೊತ್ತಿಗೆ ಸುಭಾಷನ ಓಟ."

ಕೋಣೆಯೆಲ್ಲ ನಗು. ಸಾವಿತ್ರವ್ವನೂ ನಕ್ಕಳು. "ಚಲೋ ಕಟ್ಟಿದಿ ತಮ್ಮಾ. ಸುಭಾಷಗ ಏನರ ಅನ್ನು, ಆ ಮೂಕ ಎಮ್ಮಿಗೆ ಯಾಕ ಡೊಂಕ, ಮೋಟ ಅಂತ ಹೆಸರಿಡತೀಯೋ?"

ನಗುವಿನ ನಡುವೆ ಮುಂದಿನ ಸಾಲಿನ ಹುಡುಗಿಯೊಂದು ಕೇಳಿಬಿಟ್ಟಿತು, "ಅಜ್ಜಿ, ನೀವೂ ಒಂದು ಹೇಳ್ರಿ. ನಿಮ್ಮ ಯಜಮಾನ್ರ ಹೆಸರೇನ್ರಿ?"

ಶಿವರಂಜನಿ ಆ ಹುಡುಗಿಯ ಜಡೆ ಎಳೆದಳು. ಅಕ್ಕೋರು "ಏಯ್" ಎಂದರು. ಸಾವಿತ್ರವ್ವ ಎಲ್ಲಿ ಎದ್ದು ಹೋಗುತ್ತಾಳೋ ಎಂದು ನಾನು ಅವಳ ಸೆರಗು ಹಿಡಿದೆ. ಅವಳು ಹಲಗೆಯನ್ನು ನೋಡಿದಳು, ಬಾಯಿ ತೆರೆದು ಕಾಯುತ್ತಿದ್ದ ಮಕ್ಕಳನ್ನು ನೋಡಿದಳು.

"ಕರೇ ಹಲಗಿ ಮ್ಯಾಲ ಅಕ್ಕೋರ ಬಿಳಿ ಗೆರಿ,
ಎಳೇ ಬಾಯಿ ಕೇಳತಾವು, ಒಲ್ಲೆ ಅನ್ನೂದು ಹೆಂಗರಿ,
ದ್ಯಾಮಪ್ಪನವರು ಹೋದ್ರೂ ಹೆಸರು ನಂದ ಐತರಿ."

ಮಕ್ಕಳು ಚಪ್ಪಾಳೆ ತಟ್ಟಿದವು. ಅವಕ್ಕೆ ಅದು ಇನ್ನೊಂದು ಒಡಪು, ಅಷ್ಟೇ. ಅಕ್ಕೋರು ಮಾತ್ರ ಸೀಮೆಸುಣ್ಣ ತೆಗೆದುಕೊಂಡು ಮೂರೂ ಸಾಲು ಹಲಗೆಯ ಮೇಲೆ ಬರೆದರು. ಈಕೆ ನಮ್ಮ ಓಣಿಯವಳು ಎಂದು ಆ ಕೋಣೆಯ ಗೋಡೆಗಾದರೂ ಹೇಳಬೇಕು ಅನ್ನಿಸಿತು ನನಗೆ.

ನಾವು ಕೆರೆ ಏರಿ ಮುಟ್ಟುವ ಮೊದಲೇ ಸುದ್ದಿ ಊರು ಮುಟ್ಟಿತ್ತು. ಅಂಗಡಿ ಸಂಗಯ್ಯ ಬೈಕಿನ ಮೇಲೆ ಬೆಲ್ಲದ ಪೆಂಟಿ ಕಟ್ಟಿಕೊಂಡು ಎದುರಾದ.

"ಏನ್ ಸಾವಿತ್ರಕ್ಕಾ, ಸಾಲ್ಯಾಗ ಒಡಪು ಹೇಳಿದ್ಯಂತ? ಈ ವಯಸ್ಸಿನಾಗ?"

ನಾನು ಜಗಳಕ್ಕೆ ಸಿದ್ಧಳಾದೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಹೂಂ, ಹೇಳಿದ್ನಿ. ನಿಂದರು, ನಿನಗೂ ಒಂದು ಹೇಳ್ತೀನಿ."

ಬೆಲ್ಲದ ಪೆಂಟಿಯ ಮೇಲೆ ಕಣ್ಣಿಟ್ಟು ಆಗಲೇ ಶುರು ಮಾಡಿದಳು. ಸಂಗಯ್ಯ ಗಾಡಿ ಬಂದ್ ಮಾಡಿ, ಒಂದು ಕಾಲು ನೆಲಕ್ಕೂರಿ, ಪೂರ್ತಿ ಕೇಳಿದ.