ಮೀನಿನ ಅಂಜಿಕೆ

ಮೀನುಗಳಲ್ಲಿಯೂ ಹಿರಿದು ಕಿರಿದೆಂಬುದುಂಟೆಂದು ನಾನು ನಮ್ಮ ಜೈನಶಾಸ್ತ್ರಗಳಲ್ಲಿ ಓದಲಿಲ್ಲ. ಸಾಂಗ್ಲಿಯ ವಿಶ್ರಾಮಬಾಗದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಕಂಡೆ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಜೀವಗಳ ವಿಂಗಡಣೆಯನ್ನು ಬಾಲ್ಯದಲ್ಲೇ ಬಾಯಿಪಾಠ ಮಾಡಿದವನು ನಾನು. ಮೀನು ಪಂಚೇಂದ್ರಿಯ ಜೀವವೆಂದು ಗೊತ್ತಿತ್ತು. ಅದಕ್ಕೂ ಒಂದು ಮನೆತನವಿರುತ್ತದೆಂದು ಗೊತ್ತಿರಲಿಲ್ಲ.

ಸಾಂಗ್ಲಿ, ಮಿರಜಗಳ ನಡುವೆ ಫ್ಲ್ಯಾಟುಗಳೆದ್ದು, ಟೀವಿಗೆ ಹತ್ತಾರು ಚಾನೆಲ್ಲುಗಳು ಬಂದ ಆ ವರ್ಷಗಳಲ್ಲಿ, ಹಿರಿಯ ಮಗ ಅಂದಕ್ಕೆಂದು ಒಂದು ಗಾಜಿನ ತೊಟ್ಟಿ ತಂದಿಟ್ಟ. ಅದರಲ್ಲಿ ನಾಲ್ಕು ಮೀನು. ದೊಡ್ಡದು ನಡುವೆ ನಿಧಾನವಾಗಿ ತಿರುಗುತ್ತಿತ್ತು; ಯಾರನ್ನೂ ಕಚ್ಚಿದ್ದನ್ನು ನಾನು ನೋಡಲಿಲ್ಲ. ಆದರೂ ತೀರ ಚಿಕ್ಕದು ಗಾಳಿಯ ನಳಿಕೆಯ ಹಿಂದೆ ರೆಕ್ಕೆ ಮುದುಡಿ ನಿಂತಿರುತ್ತಿತ್ತು. ಕಾಳು ಉದುರಿಸಿದರೂ ಮೇಲೆ ಬಾರದು.

ತೊಟ್ಟಿ ತೊಳೆಯಲು ಬರುವವನನ್ನು ಕೇಳಿದೆ. "ಅಂಜಿಕಿರಿ ಅಜ್ಜಾರ. ದೊಡ್ಡದು ಬಡಿಯೂದ ಬ್ಯಾಡ, ಎದುರಿಗೆ ಇದ್ದರ ಸಾಕು. ಹಿಂಗ ಬಿಟ್ಟರ ಉಪಾಸ ಸಾಯ್ತದ" ಎಂದ.

ಅಂದೇ ಗಾಜಿನ ಬರಣಿಯೊಂದಕ್ಕೆ ಸೋಸಿದ ನೀರು ತುಂಬಿ ಆ ಚಿಕ್ಕ ಮೀನನ್ನು ಬೇರೆ ಇಟ್ಟೆ. ಮರುದಿನ ತಿಂದಿತು. ಈ ಜೀವದಯೆಯನ್ನು ಬಸದಿಯಲ್ಲಿ ನಾಲ್ಕು ಜನರಿಗೆ ಹೇಳಿಕೊಂಡೆ ಕೂಡ.

ನಮ್ಮ ಮನೆಯಲ್ಲಿ ಸೂರ್ಯಾಸ್ತದ ನಂತರ ಊಟವಿಲ್ಲ. ಕಿರಿಯ ಸೊಸೆ ಸುಜಾತಾ ಮಿರಜದ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಳು. ಚಳಿಗಾಲದಲ್ಲಿ ಅವಳ ಬಸ್ಸು ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಹಿರಿಯ ಸೊಸೆ ಒಲೆಕಟ್ಟೆ ಒರೆಸುತ್ತ, "ಮುಳುಗೇತಲ್ಲ ತಂಗಿ! ನಾಳೆ ಸೂರ್ಯಾಗ ಸ್ವಲ್ಪ ತಡೀ ಅಂತ ಹೇಳಿ ಬಾ" ಎನ್ನುವಳು. ಸುಜಾತಾ ಉಣ್ಣದೆ ಹೋಗಿ ಮಲಗುವಳು. ಹೀಗೆ ಎರಡು ಚಳಿಗಾಲ. ಅವಳ ವ್ರತನಿಷ್ಠೆಯನ್ನು ನಾನು ಮನಸಾರೆ ಮೆಚ್ಚಿಕೊಂಡಿದ್ದೆ. ಮೆಚ್ಚುವುದಕ್ಕೆ ಹೊಟ್ಟೆ ತುಂಬಿರಬೇಕಷ್ಟೆ.

ಕೊನೆಗೆ ಕಿರಿಯ ಮಗ ಮಿರಜದಲ್ಲಿ ಬಾಡಿಗೆ ಮನೆ ಹಿಡಿದ. ಹೊರಡುವ ದಿನ ಸುಜಾತಾ ಪಾದ ಮುಟ್ಟಲು ಬಂದಳು.

"ಅಲ್ಲಿ ಹೋಗಿ ವ್ರತ ಬಿಡಬ್ಯಾಡವಾ" ಎಂದೆ.

"ಬಿಡಂಗಿಲ್ಲರಿ ಮಾವಾರ. ಮುಂಜಾನೆನ ಎರಡು ಡಬ್ಬಿ ಕಟ್ಟಿಕೊಂಡರಾತು. ಹೊತ್ತು ಮುಳುಗೂದ್ರಾಗ ಆಫೀಸಿನ್ಯಾಗ ಉಣ್ತೀನಿ."

"ಮತ್ತ ಇಲ್ಲೇ ಯಾಕ ಕಟ್ಟಲಿಲ್ಲ? ಅಕ್ಕಗ ಅಂಜಿದೇನು?"

"ಅಕ್ಕಾರು ಒದರ್ತಾರ, ಬಿಡ್ತಾರ. ನೀವು ಏನೂ ಅಂತಿರಲಿಲ್ಲಲ್ಲರಿ. ನಿಮ್ಮನ್ನ ಕೇಳಾಕ ಅಂಜಿಕಿ."

ನಾನು ಕಾಲಿಟ್ಟೊಡನೆ ಮನೆಯ ಮಾತುಗಳೆಲ್ಲ ತಗ್ಗುವುದನ್ನು ಇಷ್ಟು ವರ್ಷ ಭಕ್ತಿಯೆಂದೇ ಎಣಿಸಿದ್ದೆ.