ಅಪ್ಪ ಕಟ್ಟಿದ ಟರ್ಬೋ ಇಂಜಿನ್ನು

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಕಾಮಗೆರೆಯ ಮನೆಮನೆಯಲ್ಲೂ ಹಲಸಿನ ಹಣ್ಣಿನ ಘಮ. ಆ ವರ್ಷ ನಮ್ಮ ಮನೆಯಲ್ಲಿ ಮಾತ್ರ ಸೀಮೆಎಣ್ಣೆ ವಾಸನೆ. ದೊಡ್ಡಪ್ಪನ ಹಳೆಯ ಟರ್ಬೋ ಕಾರಿನ ಇಂಜಿನ್ನನ್ನು ಅಪ್ಪ ಜಗಲಿಯ ಮೇಲೆ ಬಿಚ್ಚಿ ಹರವಿಕೊಂಡಿದ್ದ. ಹಾಳಾದ ಬೇರಿಂಗಿನ ಗುಂಡುಗಳಲ್ಲಿ ನಾವು ಹುಡುಗಿಯರು ಅಳಗುಳಿಮಣೆ ಆಡುತ್ತಿದ್ದೆವು.

"ಇದ ಓಡ್ಸಿ ತೋರ್ಸು ಕಣ್ಲಾ, ಆಮೇಲಿಂದ ಸ್ಟೇರಿಂಗು ನಿಂದೇ" ಎಂದಿದ್ದ ದೊಡ್ಡಪ್ಪ. ಅಣ್ಣನ ಹೊಲದಲ್ಲಿ ದುಡಿದು ಅಣ್ಣನಿಂದಲೇ ಬೈಸಿಕೊಳ್ಳುತ್ತಿದ್ದ ಅಪ್ಪನಿಗೆ ಅಷ್ಟು ಸಾಕಾಗಿತ್ತು. ಪಿಸ್ಟನ್ನು, ರಿಂಗು ಎಲ್ಲ ಕಂಪನಿಯವೇ ಬೇಕೆಂದು ಹಟ ಹಿಡಿದು ಕೊಳ್ಳೇಗಾಲದ ಅಂಗಡಿಗಳನ್ನೆಲ್ಲ ಅಲೆದು ತಂದ. ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಟರ್ಬೋ ಮಾತ್ರ ಹಳೆಯದನ್ನೇ ತೊಳೆದು ಕೂರಿಸಿದ. "ಇದು ಕಾದಿರುವಾಗ ತಟಕ್ಕನೆ ಆಫ್ ಮಾಡ್ಬಾರ್ದು ಮಗಾ. ಎಣ್ಣೆ ಓಡಾಡ್ತಾ ತಣ್ಣಗಾಗ್ಬೇಕು, ಇಲ್ದಿದ್ರೆ ಒಳಗೇ ಸುಟ್ಟೋಯ್ತದೆ" ಎಂದು ನನಗೆ ಹೇಳಿಕೊಡುತ್ತಿದ್ದ. ಅಪ್ಪ ಅಷ್ಟು ಮಾತಾಡಿದ್ದನ್ನು ನಾನು ಕಂಡದ್ದು ಆ ಬೇಸಿಗೆಯಲ್ಲೇ.

ಕಾರಿಗೆ ಕೂರಿಸಿ ಸೆಲ್ಫ್ ಹೊಡೆದ ಕೂಡಲೇ ಇಂಜಿನ್ನು ಎದ್ದಿತು. ಅಪ್ಪ ಅತ್ತುಬಿಟ್ಟ.

ನಮ್ಮ ಕಡೆ ಬಿಚ್ಚಿ ಕಟ್ಟಿದ ಗಾಡಿಯಾದರೂ ಮೊದಲು ಮಾದಪ್ಪನ ಬೆಟ್ಟಕ್ಕೆ ಹೋಗಲೇಬೇಕು. "ಹೊಸಾ ರಿಂಗು ಸವ್ದು ಕುತ್ಕಳಾ ಗಂಟ ಲೋಡು ಬ್ಯಾಡ ಕಣಣ್ಣ" ಎಂದು ಅಪ್ಪ ಬೇಡಿಕೊಂಡ. ಯಾರು ಕೇಳುತ್ತಾರೆ? ದೊಡ್ಡಪ್ಪ ನೆಂಟರನ್ನೆಲ್ಲ ತುಂಬಿಕೊಂಡು ತಾನೇ ಸ್ಟೇರಿಂಗು ಹಿಡಿದ. ಅಬ್ಬಾ, ಏನು ದರ್ಬಾರು! ಅಪ್ಪನೂ ನಾನೂ ಹಿಂದೆ ಚೀಲಗಳ ನಡುವೆ. ಘಾಟಿಯುದ್ದಕ್ಕೂ ಇಂಜಿನ್ನು ಅರಚುತ್ತಲೇ ಹತ್ತಿತು.

ದೇವಸ್ಥಾನದ ಮುಂದೆ ಪೂಜಾರಿ ಕರ್ಪೂರ ಹಿಡಿದು ಕಾಯುತ್ತಿದ್ದ. ಇಂಜಿನ್ನು ಓಡುತ್ತಿರುವ ಗಾಡಿಗೆ ಮಂಗಳಾರತಿ ಎತ್ತುವುದಿಲ್ಲ.

"ಆಫ್ ಮಾಡ್ಬ್ಯಾಡಣ್ಣೋ! ವಸಿ ಒತ್ತು ತಡ್ಕ!" ಅಪ್ಪ ಹಿಂದಿನಿಂದ ಕೂಗಿದ.

"ಮಾದಪ್ಪನ್ನೇ ಕಾಯ್ಸೀಯೇನ್ಲಾ, ಬೇಕೂಪ?" ದೊಡ್ಡಪ್ಪ ಕೀ ತಿರುಗಿಸಿಯೇಬಿಟ್ಟ.

ಇಳಿಯುವಾಗ ಟರ್ಬೋ ಕಿರುಚತೊಡಗಿತು. ಬೆಟ್ಟದ ಬುಡದ ತಾಳಬೆಟ್ಟದ ಹತ್ತಿರ ನೀಲಿ ಹೊಗೆ ಎದ್ದು, ಎಣ್ಣೆಯನ್ನೆಲ್ಲ ಕುಡಿದು, ಇಂಜಿನ್ನು ಬಿಗಿದು ನಿಂತಿತು. ದೊಡ್ಡಪ್ಪ ಇಳಿದವನೇ, ಬೆಟ್ಟಕ್ಕೆ ನಡೆದು ಹೊರಟಿದ್ದ ಪರಸೆಯವರ ಎದುರಿಗೇ ಅಪ್ಪನ ಕೆನ್ನೆಗೆ ಬಾರಿಸಿದ. "ನೀನು ಮುಟ್ಟಿದ್ದು ಯಾವ್ದಾರ ಉದ್ಧಾರ ಆಯ್ತದಾ? ಇಲ್ಲೇ ಗಾಡಿ ಕಾಯ್ಕಂಡು ಬಿದ್ದಿರು!" ನೆಂಟರು ನಕ್ಕರು. ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದರು.

ಅಪ್ಪ ಮತ್ತೆ ಸ್ಪ್ಯಾನರ್ ಮುಟ್ಟಲಿಲ್ಲ. ದೊಡ್ಡಪ್ಪನಿಗೋ, ಈಗಲೂ ಯಾರ ಮನೆಯ ಮದುವೆಯಾದರೂ ಈ ಕಥೆ ಬೇಕು. "ನಮ್ ಇಂಜಿನಿಯರ್ ಸಾಯೇಬ್ರು ಕಟ್ಟಿದ್ದು, ಬೆಟ್ಟ ಇಳಿಯೋ ಅಷ್ಟ್ರಲ್ಲೇ ಶಿವನ ಪಾದ ಸೇರ್ಕತ್ತು!"

ಮೊನ್ನೆ ಬೀಗರೂಟದಲ್ಲಿ ನನಗೆ ತಡೆಯಲಾಗಲಿಲ್ಲ. "ಕೀ ತಿರುಗ್ಸಿದ್ದು ನೀವಲ್ವಾ ದೊಡ್ಡಪ್ಪ?" ಎಂದು ಎಲ್ಲರೆದುರು ಕೇಳಿದೆ.

ಅಪ್ಪನೇ ನನ್ನ ಕೈ ಹಿಡಿದು ಕೂರಿಸಿದ. "ಸುಮ್ಕಿರವ್ವ. ನಂಗೆಲ್ಲಿ ಬತ್ತಿತ್ತು ಆ ಕೆಲ್ಸ."

ಹೆದರಿ ಹಾಗೆಂದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅಪ್ಪ ಅದನ್ನು ನಂಬಿಬಿಟ್ಟಿದ್ದಾನೆ.